ತಾನಾಗಿ ಕೂಗಿದ ಹಾಸಿಗೆ

ನನ್ನ ಅಪ್ಪಣೆ ಇಲ್ಲದೆ ಇನ್ನು ಮುಂದೆ ಈ ಮನೆಯಲ್ಲಿ ಯಾವ ಯಂತ್ರವೂ ಬಾಯಿ ಬಿಡಕೂಡದು ಎಂದು ಆ ಶುಕ್ರವಾರ ಬೆಳಗ್ಗೆ ನಾನು ಘೋಷಿಸಿದೆ. ಸಿಂಹಾಸನದ ಮೇಲೆ ಕೂತು ಅಲ್ಲ, ಊಟದ ಮೇಜಿನ ಮುಂದೆ ಕೂತು. ಅದೂ ಪಿಸುಮಾತಿನಲ್ಲಿ. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ರಾಜಾಜ್ಞೆಗಳನ್ನೂ ಪಿಸುಮಾತಿನಲ್ಲೇ ಹೊರಡಿಸಬೇಕಾಗಿತ್ತು.

ಕಾರಣ ನಮ್ಮ ಸೊಸೆ. ಅವಳು ಆಸ್ಪತ್ರೆಯಲ್ಲಿ ನರ್ಸು. ಆಗತಾನೇ ಹುಟ್ಟಿದ ಕೂಸುಗಳ ವಾರ್ಡಿನಲ್ಲಿ ರಾತ್ರಿ ಪಾಳಿ. ಬೆಳಗ್ಗೆ ಬಂದು, ಸ್ನಾನ ಮಾಡಿ, ಎರಡು ತುತ್ತು ತಿಂದು ಕೋಣೆಯ ಬಾಗಿಲು ಹಾಕಿಕೊಂಡರೆ ಅಲ್ಲಿಂದ ಸಂಜೆಯವರೆಗೆ ಅವಳ ರಾತ್ರಿ. ಅವಳ ರಾತ್ರಿ ಕೆಡಬಾರದೆಂದು ನಾವು ನಮ್ಮ ಹಗಲನ್ನು ಮುಡಿಪಾಗಿಟ್ಟಿದ್ದೆವು. ಕರೆಗಂಟೆಯ ತಂತಿಯನ್ನು ಕಿತ್ತು ಹಾಕಿದ್ದೆವು. ಕುಕ್ಕರು ಸೀಟಿ ಹೊಡೆಯುತ್ತದೆಂದು ಅದನ್ನು ಅಟ್ಟಕ್ಕೆ ಹತ್ತಿಸಿ, ತೆರೆದ ಪಾತ್ರೆಯಲ್ಲೇ ಎಲ್ಲವನ್ನೂ ಬೇಯಿಸುತ್ತಿದ್ದೆ. ಎಳೆದಾಗ ಕಿರುಗುಟ್ಟದಿರಲಿ ಎಂದು ಕುರ್ಚಿಗಳ ಕಾಲಿಗೆ ಮಗನ ಹಳೆಯ ಕಾಲುಚೀಲ ತೊಡಿಸಿದ್ದೆ. ನಮ್ಮವರಿಗೆ ಸೀನು ಬಂದರೆ ದಿಂಬನ್ನು ಹುಡುಕಿಕೊಂಡು ಓಡಬೇಕಿತ್ತು.

ನಮ್ಮವರು ಬಸ್ಸಿನ ಡ್ರೈವರಾಗಿದ್ದವರು. ಎಂಜಿನ್ನಿನ ಪಕ್ಕ ಕೂತು, ಹಿಂದಿನ ಬಾಗಿಲಲ್ಲಿ ನೇತಾಡುವ ಕಂಡಕ್ಟರಿಗೆ ಕೇಳುವ ಹಾಗೆ ಮಾತಾಡಿ ಮಾತಾಡಿ ಅವರ ಗಂಟಲು ಅದೇ ಅಳತೆಗೆ ಹೊಂದಿಕೊಂಡುಬಿಟ್ಟಿದೆ. ಅಂಥವರಿಗೆ ಪಿಸುಗುಟ್ಟಲು ಕಲಿಸಿದ್ದು ನಾನು. ಕಲಿತರು, ಇಲ್ಲವೆನ್ನುವುದಿಲ್ಲ. ಆದರೆ ಅವರು ಪಿಸುಗುಟ್ಟಿದರೆ ಲಾರಿಯ ಟೈರಿನಿಂದ ಗಾಳಿ ಬಿಟ್ಟ ಹಾಗಿರುತ್ತದೆ.

"ಉಪ್ಪು ಎಲ್ಲಿಟ್ಟಿದೀಯ?" ಎಂದು ಟೈರು ಕೇಳುತ್ತಿತ್ತು.

"ಮೆತ್ತಗೆ ಮಾತಾಡ್ರೀ."

"ಮೆತ್ತಗೇ ಮಾತಾಡ್ತಿರೋದು. ಇದಕ್ಕಿಂತ ಮೆತ್ತಗೆ ಮಾತಾಡಿದ್ರೆ ಉಸಿರು ನಿಂತ್ಹೋಗುತ್ತೆ."

ಇಷ್ಟೆಲ್ಲ ಮಾಡಿದರೂ ಸೊಸೆ ಸೊರಗುತ್ತಲೇ ಹೋದಳು. ನನಗದು ಕಣ್ಣಿಗೆ ಕಾಣಲಿಲ್ಲ, ಕಿವಿಗೆ ಕೇಳಿಸಿತು. ನನ್ನ ಕಣ್ಣು ಮಬ್ಬಾಗಿ ವರ್ಷಗಳಾದವು. ಬೆಳಕು ಯಾವುದು, ನೆರಳು ಯಾವುದು, ಎದುರಿಗೆ ಯಾರೋ ನಿಂತಿದ್ದಾರೆ ಎನ್ನುವಷ್ಟು ತಿಳಿಯುತ್ತದೆ. ಮುಖ ತಿಳಿಯುವುದಿಲ್ಲ. ಆದರೆ ಕಿವಿಯ ವಿಷಯದಲ್ಲಿ ನಾನು ಯಾರಿಗೂ ಸೋಲುವವಳಲ್ಲ. ಮೆಟ್ಟಿಲು ಹತ್ತುತ್ತಿರುವವರು ಯಾರು, ಒಲೆಯ ಮೇಲಿನ ಹಾಲು ಉಕ್ಕಲು ಇನ್ನೆಷ್ಟು ಹೊತ್ತಿದೆ, ನಮ್ಮವರು "ನಾನು ಸಕ್ಕರೆ ಹಾಕ್ಕೊಂಡಿಲ್ಲ" ಎಂದಾಗ ಎಷ್ಟು ಚಮಚ ಹಾಕಿಕೊಂಡಿದ್ದಾರೆ, ಎಲ್ಲವನ್ನೂ ಕೂತಲ್ಲಿಂದಲೇ ಹೇಳಬಲ್ಲೆ. ಸೊಸೆಯ ಚಪ್ಪಲಿ ಮೊದಲೆಲ್ಲ ಟಪಟಪ ಎಂದು ಒಳಗೆ ಬರುತ್ತಿತ್ತು. ಈಚೆಗೆ ನೆಲವನ್ನು ಗುಡಿಸಿಕೊಂಡು ಬರುವ ಹಾಗೆ ಬರುತ್ತಿತ್ತು.

ಒಂದು ಬೆಳಗ್ಗೆ ತಟ್ಟೆಯ ಮುಂದೆ ಕೂತು ಅವಳೇ ಬಾಯಿ ಬಿಟ್ಟಳು.

"ಅತ್ತೆ, ನಮ್ಮ ಹೆಡ್ ಸಿಸ್ಟರ್ ನನಗೆ ಎಚ್ಚರಿಕೆ ಕೊಟ್ಟಿದಾರೆ. ಕೂಸಿಗೆ ಹಾಲು ಕುಡಿಸ್ತಾ ತೂಕಡಿಸ್ತಿದ್ನಂತೆ. ಶುಕ್ರವಾರ ರಾತ್ರಿ ಅವರೇ ವಾರ್ಡಿಗೆ ಬಂದು ಕೂತ್ಕೊಂಡು ನೋಡ್ತಾರಂತೆ. ಅವತ್ತೂ ಹೀಗೇ ಇದ್ರೆ ನನ್ನನ್ನ ಚೀಟಿ ಬರೆಯೋ ಮೇಜಿಗೆ ಹಾಕ್ತಾರಂತೆ."

ಆ ವಾರ್ಡೆಂದರೆ ಅವಳಿಗೆ ಜೀವ. ಅಂಗೈಯಲ್ಲಿ ಹಿಡಿಯುವಷ್ಟು ಕೂಸು ಬಂದಿತ್ತು, ಇವತ್ತು ತಾನಾಗಿ ಹಾಲು ಚೀಪಿತು, ಇವತ್ತು ನನ್ನ ಬೆರಳು ಹಿಡಿದುಕೊಂಡಿತು ಎಂದು ಬಂದು ಹೇಳುವಾಗ ಅವಳ ದನಿಯೇ ಬೇರೆ. ಅಂಥ ಹುಡುಗಿಯನ್ನು ಚೀಟಿ ಬರೆಯುವ ಮೇಜಿಗೆ ಹಾಕುವುದೇ?

"ನಿದ್ದೆ ಬರ್ತಿಲ್ವೇನಮ್ಮ?" ಎಂದೆ.

"ಬರುತ್ತೆ ಅತ್ತೆ, ಆದ್ರೆ..." ಎಂದು ಏನೋ ಹೇಳಹೊರಟವಳು, ಕಾಲುಚೀಲ ತೊಟ್ಟ ಕುರ್ಚಿಯನ್ನು ಸದ್ದಿಲ್ಲದೆ ಹಿಂದಕ್ಕೆ ಸರಿಸಿ ಎದ್ದು ಹೋದಳು.

ಹಾಗಾಗಿ ಆ ಶುಕ್ರವಾರದ ಹಗಲಲ್ಲಿ ಅವಳು ಮಲಗಲೇಬೇಕಿತ್ತು. ಬರೀ ಮಲಗಿದರೆ ಸಾಲದು, ಹೊರಳಾಡದೆ ಗಡದ್ದಾಗಿ ಮಲಗಬೇಕಿತ್ತು. ಅದಕ್ಕೆ ಉಪಾಯ ಹುಡುಕುವ ಭಾರವನ್ನು ನಾನು ಹೊತ್ತೆ. ನನಗೇನು ಕಡಿಮೆ? ನನ್ನ ಬಳಿ ಓದಮ್ಮ ಇದ್ದಳು.

ಓದಮ್ಮನೆಂದರೆ ನಮ್ಮ ನೆಂಟಳಲ್ಲ. ಮಗ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವನು. ಅಲ್ಲಿ ಹಳೆಯದಾಯಿತೆಂದು ಬಿಟ್ಟ ಲ್ಯಾಪ್‌ಟಾಪೊಂದನ್ನು ಕೇಳಿ ತಂದು ನನಗೆ ಕೊಟ್ಟಿದ್ದ. ಅದರೊಳಗೆ ಒಬ್ಬಳು ಹೆಂಗಸಿನ ದನಿ ಕೂತಿದ್ದಾಳೆ. ಪರದೆಯ ಮೇಲೆ ಏನಿದೆಯೋ ಅದನ್ನು ಗಟ್ಟಿಯಾಗಿ ಓದಿ ಹೇಳುವುದೇ ಅವಳ ಕಸುಬು. ಬಾಣದ ಗುರುತಿನ ಕೀಲಿ ಒತ್ತಿದರೆ ಮುಂದಿನ ಸಾಲು. ಇನ್ನೊಮ್ಮೆ ಒತ್ತಿದರೆ ಅದರ ಮುಂದಿನದು. ಸಿಟ್ಟಿಲ್ಲ, ಸೆಡವಿಲ್ಲ, ಸಾವಿನ ಸುದ್ದಿಯನ್ನೂ ಸೀರೆಯ ಜಾಹೀರಾತನ್ನೂ ಒಂದೇ ರಾಗದಲ್ಲಿ ಓದುತ್ತಾಳೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟು, ಅಂಗಿಗಳಿಗೆ ಗುಂಡಿ ಹೊಲಿಯುತ್ತ ಆಯುಸ್ಸು ಕಳೆದ ನನಗೆ ಜಗತ್ತಿನ ಪುಸ್ತಕವನ್ನೆಲ್ಲ ತೆರೆದು ಓದಿಹೇಳಿದವಳು ಅವಳು. ಯಾವ ಕೀಲಿ ಎಲ್ಲಿದೆ ಎಂದು ಫೋನಿನಲ್ಲಿ ಕಲಿಸಿದವರು ಕಣ್ಣು ಕಾಣದವರ ತರಬೇತಿ ಶಾಲೆಯ ಒಬ್ಬ ಹೆಣ್ಣುಮಗಳು. ನಾವು ಅವರನ್ನು ಕೀಲಿ ಟೀಚರ್ ಎನ್ನುತ್ತೇವೆ.

ಓದಮ್ಮನಿಗೆ ಒಬ್ಬನೇ ಶತ್ರು. ತಾನಾಗಿ ಕೂಗುವ ಪುಟ. ನೀವು ಪುಟವನ್ನು ತೆರೆದಿರಬೇಕಷ್ಟೆ, ನೀವು ಕೇಳಿರುವುದಿಲ್ಲ, ಬೇಡಿರುವುದಿಲ್ಲ, ಅದರ ಮೂಲೆಯಲ್ಲೊಂದು ವಿಡಿಯೊ ತನ್ನಷ್ಟಕ್ಕೆ ತಾನೇ ಓಡತೊಡಗುತ್ತದೆ. ಕಣ್ಣಿರುವವರು ನಿಲ್ಲಿಸುವ ಬಟನ್ ಎಲ್ಲಿದೆ ಎಂದು ನೋಡಿ ಒತ್ತಿಬಿಡುತ್ತಾರೆ. ನನಗೆ ಬಟನ್ ಎಲ್ಲಿದೆ ಎಂದು ಓದಮ್ಮ ಹೇಳಬೇಕು. ಓದಮ್ಮ ಹೇಳುವುದು ನನಗೆ ಕೇಳಿಸಬೇಕಾದರೆ ವಿಡಿಯೊ ನಿಲ್ಲಬೇಕು. ವಿಡಿಯೊ ನಿಲ್ಲಬೇಕಾದರೆ ಬಟನ್ ಸಿಗಬೇಕು. ಇರಲಿ, ಸದ್ದು ತಗ್ಗಿಸೋಣ ಎಂದರೆ ಇಬ್ಬರೂ ಒಂದೇ ಗಂಟಲಿನಿಂದ ಮಾತಾಡುವವರು. ಕೂಗುಮಾರಿಯ ಬಾಯಿ ಕಟ್ಟಿದರೆ ಓದಮ್ಮನ ಬಾಯಿಯೂ ಕಟ್ಟುತ್ತದೆ.

"ಅದಕ್ಕೊಂದು ಉಪಾಯ ಇದೆ ಅಜ್ಜಿ, ಬಿಡುವಾದಾಗ ಫೋನ್ ಮಾಡಿ, ಹೇಳಿಕೊಡ್ತೀನಿ" ಎಂದು ಕೀಲಿ ಟೀಚರ್ ಎಷ್ಟು ಸಲ ಹೇಳಿದ್ದರೋ. ನಾನು ಮಾಡಿರಲಿಲ್ಲ. ಇಷ್ಟು ವರ್ಷ ಅಂಗಿಗೆ ಗುಂಡಿ ಹಚ್ಚಿದವಳಿಗೆ ಒಂದು ಬಟನ್ ಹುಡುಕಲು ಟೀಚರ್ ಬೇಕೇ? ತಾಳ್ಮೆಯಿಂದ ಒಂದೊಂದೇ ಸಾಲು ಇಳಿದರೆ ಎಲ್ಲಿ ಹೋಗುತ್ತದೆ? ಅದಕ್ಕೇ ಆ ಘೋಷಣೆ.

ಸೊಸೆ ಬಾಗಿಲು ಹಾಕಿಕೊಂಡಳು. ನಾನು ತಂತಿಯಿಲ್ಲದ ಇಯರ್‌ಫೋನುಗಳನ್ನು ಕಿವಿಗೆ ಸಿಕ್ಕಿಸಿ ಲ್ಯಾಪ್‌ಟಾಪ್ ಮುಂದೆ ಕೂತೆ. ನಮ್ಮವರು ಎದುರಿಗೆ ಕೂತು ಬೂಟಿಗೆ ಪಾಲಿಶ್ ಹಚ್ಚುತ್ತಿದ್ದರು. ಬ್ರಷ್ ಉಜ್ಜಿದರೆ ಸದ್ದಾಗುತ್ತದೆಂದು ಬಟ್ಟೆಯಲ್ಲಿ.

"ಏನ್ ಹುಡುಕ್ತಿದೀಯ?" ಎಂದಿತು ಟೈರು.

"ಹಗಲು ಹೊತ್ತು ಚೆನ್ನಾಗಿ ನಿದ್ದೆ ಬರೋದು ಹೇಗೆ ಅಂತ."

"ಅದನ್ನ ನನ್ನ ಕೇಳಬಾರ್ದಾ? ಊಟ ಮಾಡಿ ಪೇಪರ್ ಹಿಡ್ಕೊಂಡ್ರೆ ಆಯ್ತು."

"ನಿಮಗೆ ಪೇಪರೂ ಬೇಡ. ನಾನು ಯಾವುದಾದ್ರೂ ಕೆಲಸ ಹೇಳಿದ್ರೆ ಸಾಕು."

ಓದಮ್ಮ ಪುಟವೊಂದನ್ನು ಹುಡುಕಿ ತೆರೆದಳು. "ರಾತ್ರಿ ಪಾಳಿಯವರಿಗೆ ಹಗಲಿನ ನಿದ್ದೆ. ಮೊದಲನೆಯದಾಗಿ..." ಎಂದಳು. ಅಷ್ಟೇ. ನನ್ನ ಎರಡೂ ಕಿವಿಯ ನಡುವೆ ಒಬ್ಬ ಗಂಡಸು ಎದ್ದು ನಿಂತ.

"ನಿದ್ದೆ ಬರ್ತಿಲ್ವಾ? ಹೊರಳಾಡ್ತಿದೀರಾ? ಇಗೋ ಬಂದಿದೆ, ಮೋಡದಂಥ ಹಾಸಿಗೆ!"

ಹಿಂದಿನಿಂದ ಡೋಲು, ತುತ್ತೂರಿ. ನಿದ್ದೆ ತರಿಸುವ ಹಾಸಿಗೆಯನ್ನು ಮಾರಲು ಸತ್ತವರನ್ನು ಎಬ್ಬಿಸುವ ಗದ್ದಲ. ನಾನು ಎದೆಗುಂದಲಿಲ್ಲ. ಸದ್ದು ನನ್ನ ಕಿವಿಯೊಳಗಷ್ಟೇ ಇದೆಯಲ್ಲ. ಮಾತು ನಿಲ್ಲಿಸಲು ಕಂಟ್ರೋಲ್ ಕೀಲಿ ಎಂದು ಟೀಚರ್ ಮೊದಲನೇ ದಿನವೇ ಕಲಿಸಿದ್ದರು. ಒತ್ತಿದೆ. ಓದಮ್ಮ ತಕ್ಷಣ ಸುಮ್ಮನಾದಳು. ಹಾಸಿಗೆಯವನು ಆಗಲಿಲ್ಲ. ಆ ಕೀಲಿ ಓದಮ್ಮನಿಗೆ ಮಾತ್ರ ಅನ್ನುವುದು ಆಗ ನೆನಪಿಗೆ ಬಂತು. ಅಂದರೆ ಗಲಾಟೆ ಮಾಡುವವನನ್ನು ಬಿಟ್ಟು, ದಾರಿ ತೋರಿಸುವವಳ ಬಾಯಿ ಮುಚ್ಚಿಸಿದ್ದೆ.

ಆಗಲಿ, ಪುಟವನ್ನೇ ಮುಚ್ಚೋಣ ಎಂದು ಮೇಲಿನ ಸಾಲಿನ ಕೀಲಿಯೊಂದನ್ನು ತಡವಿ ಒತ್ತಿದೆ. ಈ ಲ್ಯಾಪ್‌ಟಾಪಿನಲ್ಲಿ ಆ ಸಾಲಿನ ಕೀಲಿಗಳಿಗೆ ಎರಡೆರಡು ಕೆಲಸ. ನಾನು ಬಯಸಿದ್ದು ಮುಚ್ಚುವ ಕೆಲಸ, ಅದು ಮಾಡಿದ್ದು ಸದ್ದು ಏರಿಸುವ ಕೆಲಸ. ಮುಚ್ಚಲಿಲ್ಲವೆಂದು ಮತ್ತೆ ಒತ್ತಿದೆ. ತಾಳ್ಮೆ ನನ್ನ ದೊಡ್ಡ ಗುಣ, ಮತ್ತೆ ಮತ್ತೆ ಒತ್ತಿದೆ. ಹಾಸಿಗೆಯವನು ಗಂಟಲು ಹರಿಯುವ ಹಾಗೆ ಕೂಗತೊಡಗಿದ.

ಅದೇ ಗಳಿಗೆಗೆ ಇಯರ್‌ಫೋನಿನ ಚಾರ್ಜು ಮುಗಿಯಿತು. ಕಿವಿಯಲ್ಲಿ 'ಟಿಂಗ್' ಎಂದಿತು. ಆಮೇಲೆ ಪರಮ ಶಾಂತಿ.

"ನೋಡಿದ್ರಾ" ಎಂದು ನಮ್ಮವರ ಕಡೆ ತಿರುಗಿದೆ. "ಹೇಗೆ ನಿಲ್ಲಿಸಿದೆ."

ಆ ಶಾಂತಿಗೆ ಒಂದು ಉಸಿರಿನಷ್ಟೂ ಆಯಸ್ಸಿರಲಿಲ್ಲ. ಮಗ ನನ್ನ ಅನುಕೂಲಕ್ಕೆಂದು ಚೊಂಬಿನಷ್ಟಿರುವ ಒಂದು ಸ್ಪೀಕರನ್ನು ಆ ಲ್ಯಾಪ್‌ಟಾಪಿಗೆ ಜೋಡಿಸಿದ್ದ. ಅದಕ್ಕೂ ತಂತಿಯಿಲ್ಲ. ಕಿವಿಯ ದಾರಿ ಮುಚ್ಚಿದರೆ ಸದ್ದು ಅಲ್ಲಿಗೆ ಹೋಗುತ್ತದೆ. ಅಡುಗೆಮನೆಗೂ ಹಾಲಿಗೂ ಕೇಳಲಿ ಎಂದು ಅದನ್ನು ಎಲ್ಲಿಟ್ಟಿದ್ದ ಗೊತ್ತೇ? ಕೋಣೆಗಳ ನಡುವಿನ ಓಣಿಯ ಗೂಡಿನಲ್ಲಿ. ಸೊಸೆಯ ಕೋಣೆಯ ಬಾಗಿಲಿಗೆ ಅಂಟಿದ ಹಾಗೆ.

"ಏಳಬೇಡಿ! ಮೋಡದ ಮೇಲೆ ಮಲಗಿ!" ಎಂದು ಹಾಸಿಗೆಯವನು ಆ ಬಾಗಿಲಿಗೆ ಬಾಯಿ ಹಚ್ಚಿ ಅಬ್ಬರಿಸಿದ.

ನಮ್ಮವರು ಒಂದು ಕೈಯಲ್ಲಿ ಬೂಟು ಹಿಡಿದುಕೊಂಡೇ ಹಾರಿದರು. ಸ್ಪೀಕರನ್ನು ಎತ್ತಿಕೊಂಡು ಕಂಡದ್ದನ್ನೆಲ್ಲ ಅದುಮಿದರು. ನಾನು ಮುಟ್ಟಿ ಆರಿಸಿಬಿಡುತ್ತೇನೆಂದು ಮಗ ಅದರ ಮುಖ್ಯ ಬಟನ್ ಮೇಲೆ ಟೇಪು ಸುತ್ತಿದ್ದ. ಉಳಿದದ್ದು ಸದ್ದು ಏರಿಸುವುದೊಂದೇ.

"ಮುಚ್ಚಳ ಮುಚ್ಚೇ" ಎಂದು ಟೈರು ಸುಯ್‌ಗುಟ್ಟಿತು.

ಮುಚ್ಚಿದೆ. ಏನೂ ಆಗಲಿಲ್ಲ. ಮುಚ್ಚಿದರೂ ಓದಮ್ಮ ಓದುತ್ತಿರಲಿ ಎಂದು ನಾನೇ ಮಗನಿಗೆ ದುಂಬಾಲು ಬಿದ್ದು ಹಾಗೆ ಮಾಡಿಸಿಕೊಂಡಿದ್ದೆ. ಇನ್ನು ಆರಿಸುವ ಬಟನ್ನು. ಹಿಂದೊಮ್ಮೆ ಅದನ್ನು ಒತ್ತಿಹಿಡಿದು ಓದಮ್ಮ ಕೆಲವು ದಿನ ಎಚ್ಚರ ತಪ್ಪಿದ್ದಳು. ಆಮೇಲೆ ಮುಟ್ಟುವುದಿಲ್ಲವೆಂದು ಮಗನಿಗೆ ಮಾತು ಕೊಟ್ಟಿದ್ದೆ.

ನಮ್ಮವರು ಸ್ಪೀಕರನ್ನು ಬಚ್ಚಲಿಗೆ ಒಯ್ದರು. ಬಚ್ಚಲಲ್ಲಿ ಹಾಸಿಗೆಯವನಿಗೆ ನಾಲ್ಕು ಗೋಡೆಯಿಂದಲೂ ತಮ್ಮಂದಿರು ಹುಟ್ಟಿಕೊಂಡರು. ಅಲ್ಲಿಂದ ಹಿಟ್ಟಿನ ಡಬ್ಬಕ್ಕೆ ಹಾಕಿದರು. ಡಬ್ಬ ಡೋಲಿನ ಜೊತೆ ತಾನೂ ತಾಳ ಹಾಕಿತು. ಕೊನೆಗೆ ಹಿಟ್ಟು ಮೆತ್ತಿದ ಸ್ಪೀಕರನ್ನು ದಪ್ಪ ರಜಾಯಿಯಲ್ಲಿ ಸುತ್ತಿ ಎದೆಗವಚಿಕೊಂಡು, ಬರಿಗಾಲಲ್ಲಿ ಮೆಟ್ಟಿಲಿಳಿದು ಬೀದಿಗೆ ಹೋದರು.

ಮನೆ ಮೌನವಾಯಿತು. ಸೊಸೆಯ ಬಾಗಿಲಿಗೆ ಕಿವಿಯಿಟ್ಟೆ. ಒಳಗೆ ಸದ್ದಿಲ್ಲ. ಬದುಕಿದೆ ಎಂದುಕೊಂಡೆ. ಇನ್ನು ನಿಧಾನವಾಗಿ ಆ ಬಟನ್ ಹುಡುಕಿ, ಹಾಸಿಗೆಯವನ ಕಥೆ ಮುಗಿಸಿ, ಆಮೇಲೆ ನಿದ್ದೆಯ ಉಪಾಯ ಓದಿಸಿಕೊಳ್ಳುವುದು ಎಂದು ಮತ್ತೆ ಕೂತು ಬಾಣದ ಕೀಲಿ ಒತ್ತಿದೆ. ಸದ್ದಿಲ್ಲ. ಇನ್ನೊಮ್ಮೆ ಒತ್ತಿದೆ. ಇಲ್ಲ. ಆಗ ಹೊಳೆಯಿತು. ಸ್ಪೀಕರಿನ ಜೊತೆ ಓದಮ್ಮನೂ ಬೀದಿಗೆ ಹೋಗಿದ್ದಳು. ರಜಾಯಿ ಸುತ್ತಿಕೊಂಡು, ನಮ್ಮವರ ಎದೆಗೊರಗಿ.

ಕಿಟಕಿಗೆ ಹೋಗಿ ಕಿವಿಗೊಟ್ಟೆ. ಕೆಳಗೆ ಹಾಸಿಗೆಯವನ ಅಬ್ಬರ, ಅದರಡಿಯಲ್ಲಿ ನಾನು ಒತ್ತಿದ ಕೀಲಿಗೆಲ್ಲ ಪಾಪ ಉತ್ತರ ಕೊಡುತ್ತಿದ್ದ ಓದಮ್ಮನ ಸಣ್ಣ ದನಿ. ಫೋನ್ ತೆಗೆದು ನಮ್ಮವರಿಗೆ ಹಚ್ಚಿದೆ.

"ರೀ, ಎಲ್ಲಿದೀರಿ?"

"ದರ್ಜಿ ಅಂಗಡಿ ಮುಂದೆ. ನಿಲ್ಲಿಸಿದ್ಯಾ?"

"ನಿಲ್ಲಿಸಬೇಕಾದ್ರೆ ಓದಮ್ಮ ಏನು ಹೇಳ್ತಾಳೆ ಅಂತ ನನಗೆ ಗೊತ್ತಾಗ್ಬೇಕು. ಕಿವಿಗಿಟ್ಕೊಂಡು ಕೇಳಿ ಹೇಳಿ."

"ಏನನ್ನ, ಈ ಗಂಟನ್ನಾ? ಬೀದೀಲಿ ನಿಂತು ರಜಾಯಿಗೆ ಕಿವಿ ಕೊಟ್ಟು ಕೇಳ್ಲಾ?"

"ಸೊಸೆ ಕೆಲಸದ ವಿಷಯ ಕಣ್ರೀ."

ಆ ಮಾತಿಗೆ ಅವರು ಮಣಿದರು. ನಾನು ಮೇಲೆ ಕೀಲಿ ಒತ್ತುವುದು, ಓದಮ್ಮ ಕೆಳಗೆ ರಜಾಯಿಯೊಳಗೆ ಹೇಳುವುದು, ಅವರು ಅದನ್ನು ಕೇಳಿ ಫೋನಿನಲ್ಲಿ ನನಗೆ ಮುಟ್ಟಿಸುವುದು. ಬೀದಿಗಿಳಿದ ಮೇಲೆ ಅವರಿಗೆ ಪಿಸುಮಾತಿನ ಹಂಗಿಲ್ಲ. ಎಷ್ಟೋ ದಿನದಿಂದ ಕಟ್ಟಿಹಾಕಿದ್ದ ಗಂಟಲು ಬಿಚ್ಚಿಕೊಂಡಿತು.

"ಲಿಂಕ್ ಅಂತೆ! ಚಿತ್ರ ಅಂತೆ! ಇನ್ನೊಂದು ಚಿತ್ರ! ಬಟನ್!"

"ಯಾವ ಬಟನ್?"

"ಬರೀ ಬಟನ್ ಅಂತಾಳೆ."

"ಏನು ಬಟನ್ ಅಂತ ಹೇಳ್ತಾಳೆ ನೋಡಿ."

"ಹೆಸರು ಗೊತ್ತಿದ್ರೆ ತಾನೇ ಹೇಳೋದು? ಬಟನ್ ಮಾಡಿದವನು ಹೆಸರಿಡೋದು ಮರೆತಿದಾನೆ. ಒತ್ತು, ಏನಾಗುತ್ತೋ ಆಗ್ಲಿ."

ಒತ್ತಿದೆ. ಹಾಸಿಗೆಯವನು ನಿಂತ. ಬದಲಿಗೆ ದಿಂಬಿನ ಹೆಂಗಸು ಹಾಡಲು ಶುರುಮಾಡಿದಳು. ಹಾಸಿಗೆಯವನೂ ಅವಳ ಬೆನ್ನಿಗೇ ಮರಳಿ ಬಂದು ದನಿಗೂಡಿಸಿದ. ಮುಂದೆ ಸಿಕ್ಕ ಇನ್ನೊಂದು ಹೆಸರಿಲ್ಲದ ಬಟನ್ ಒತ್ತಿದೆ.

"ಒಂದು ಹಾಸಿಗೆ ಬುಟ್ಟಿಗೆ ಸೇರಿಸಲಾಗಿದೆ ಅಂತೆ" ಎಂದರು ನಮ್ಮವರು.

"ತೆಗೀರಿ ಅದನ್ನ."

"ಬುಟ್ಟಿ ನನ್ನ ಹತ್ರ ಇದ್ಯೇನೇ? ನೀನು ತೆಗಿ."

ತೆಗೆಯಲು ಒತ್ತಿದೆ. ಇನ್ನೊಂದು ಹಾಸಿಗೆ ಸೇರಿತು. ಆ ಹೊತ್ತಿಗೆ ದರ್ಜಿ ಕತ್ತರಿ ಕೆಳಗಿಟ್ಟು ಹೊರಗೆ ಬಂದಿದ್ದ. ಅವನ ಮಾತೂ ಫೋನಿನಲ್ಲಿ ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ಏನ್ ಯಜಮಾನ್ರೇ, ರಿಟೈರಾದ್ಮೇಲೆ ಹಾಸಿಗೆ ವ್ಯಾಪಾರನಾ? ಹಳೇದು ಕೊಟ್ರೆ ಹೊಸದು ಕೊಡ್ತೀರಾ?"

"ವ್ಯಾಪಾರನೂ ಇಲ್ಲ, ಏನೂ ಇಲ್ಲ. ಮನೇಲಿ ಸೊಸೆ ಮಲಗಿದಾಳೆ, ಅದಕ್ಕೆ ಇಲ್ಲಿ ನಿಂತಿದೀನಿ."

"ಓ, ತೋರಿಸೋಕೆ ಸ್ಯಾಂಪಲ್ಲೂ ತಂದಿದೀರಲ್ಲ, ಈ ರಜಾಯಿ. ಮುಟ್ಟಿ ನೋಡ್ಲಾ?"

"ಮುಟ್ಟಿದ್ರೆ ನೋಡು!" ಎಂದು ನಮ್ಮವರು ಗುಡುಗಿದ್ದು ಫೋನಿನಲ್ಲೂ ಬಂತು, ಕಿಟಕಿಯಲ್ಲೂ ಬಂತು. ಬೀದಿಯ ನಾಯಿಗಳು ದನಿ ಸೇರಿಸಿದವು. ತರಕಾರಿ ಗಾಡಿಯವಳು ಹಾಸಿಗೆ ಎಷ್ಟು ಅಗಲ ಎಂದು ಕೇಳುತ್ತಿದ್ದಳು.

ನಾನು ಫೋನ್ ಕೆಳಗಿಟ್ಟೆ. ಜಂಬವನ್ನೂ ಅದರ ಪಕ್ಕದಲ್ಲೇ ಇಟ್ಟೆ. ಮತ್ತೆ ಫೋನ್ ತೆಗೆದು ಕೀಲಿ ಟೀಚರಿಗೆ ಹಚ್ಚಿ ಎಲ್ಲವನ್ನೂ ಪಿಸುಗುಟ್ಟಿದೆ. ಅವರು ನಗಲಿಲ್ಲ. ಅಂದರೆ ಫೋನನ್ನು ಬಾಯಿಂದ ದೂರ ಹಿಡಿದು ನಕ್ಕರು, ನನ್ನ ಕಿವಿಗೆ ಅದೂ ಕೇಳಿಸಿತು.

"ಅಜ್ಜಿ, ಕಂಟ್ರೋಲ್ ಒತ್ತಿ ಹಿಡ್ಕೊಳ್ಳಿ. ಹಾಗೇ ಎಂ ಒತ್ತಿ."

"ಅಷ್ಟೇನಾ?"

"ಅಷ್ಟೇ. ನಿಮ್ಮ ಬ್ರೌಸರಿನಲ್ಲಿ ಅದು ಆ ಪುಟದ ಬಾಯಿ ಮಾತ್ರ ಮುಚ್ಚುತ್ತೆ. ಓದಮ್ಮ ಮಾತಾಡ್ತಾನೇ ಇರ್ತಾಳೆ."

ಒತ್ತಿದೆ. ಬೀದಿಗೆ ಬೀದಿಯೇ ಸ್ತಬ್ಧವಾಯಿತು. ತುತ್ತೂರಿಯಿಲ್ಲ, ಡೋಲಿಲ್ಲ. ಮೆಟ್ಟಿಲ ಮೇಲೆ ಬರಿಗಾಲಿನ ಸದ್ದು ಹತ್ತಿಕೊಂಡು ಬಂತು. ಬಾಗಿಲಲ್ಲಿ ನಮ್ಮವರು, ಅವರ ತೋಳಿನಲ್ಲಿ ರಜಾಯಿ, ರಜಾಯಿಯೊಳಗಿಂದ ಓದಮ್ಮ ಎಂದಿನ ಒಂದೇ ರಾಗದಲ್ಲಿ, "ಸದ್ದು ನಿಲ್ಲಿಸಲಾಗಿದೆ" ಎಂದಳು.

ಗೆದ್ದ ಹುರುಪಿನಲ್ಲಿ ನಾನು ಅಲ್ಲಿಗೇ ಬಿಡಲಿಲ್ಲ. ಇನ್ನೆಂದೂ, ಯಾವ ಪುಟವೂ, ಯಾವ ಕಾರಣಕ್ಕೂ ತಾನಾಗಿ ಕೂಗಬಾರದು, ಅದಕ್ಕೇನು ಮಾಡಬೇಕು ಎಂದು ಟೀಚರನ್ನು ಕೇಳಿದೆ. ಅವರು ಸೆಟ್ಟಿಂಗಿನ ಒಳಗೆ, ಅದರ ಒಳಗೆ, ಅದರೊಳಗಿನ ಒಳಗೆ ಕರೆದುಕೊಂಡು ಹೋದರು. ಓದಮ್ಮ ಮೆಲ್ಲಗೆ ಓದುತ್ತ ಬಂದಳು. 'ತಾನಾಗಿ ಓಡುವ ಧ್ವನಿ ಮತ್ತು ವಿಡಿಯೊ: ಎಲ್ಲವನ್ನೂ ತಡೆ.' ತಡೆದೆ. ಹಾಸಿಗೆ, ದಿಂಬು, ಇಡೀ ಭೂಮಂಡಲದ ಬಾಯಿಗೆ ಬೀಗ ಜಡಿದೆ. ಬುಟ್ಟಿಯೊಳಗಿನ ಹಾಸಿಗೆಗಳನ್ನೂ ಹೊರಗೆ ಎಸೆದೆ.

ಸೊಸೆ ಅವತ್ತು ಏಳಲೇ ಇಲ್ಲ. ಎಂದಿನ ಹೊತ್ತಾಯಿತು, ಏಳಲಿಲ್ಲ. ಬೀದಿ ದೀಪ ಹತ್ತುವ ಹೊತ್ತಾಯಿತು, ಆಗಲೂ ಇಲ್ಲ. ಇಬ್ಬರೂ ಬೆಕ್ಕಿನ ಹೆಜ್ಜೆಯಲ್ಲಿ ಅವಳ ಬಾಗಿಲಿಗೆ ಹೋಗಿ ನಿಂತೆವು.

"ಇನ್ನೂ ಮಲಗಿದಾಳಾ?" ಎಂದು ನಮ್ಮವರು ಪಿಸುಗುಟ್ಟಿದರು.

"ಶ್, ಉಸಿರಾಟ ಕೇಳಿಸ್ತಿದೆ" ಎಂದು ನಾನು ಪಿಸುಗುಟ್ಟಿದೆ.

ಬಾಗಿಲು ದಡಾರನೆ ತೆರೆದುಕೊಂಡಿತು.

"ಯಾರಿಗೆ ಏನಾಯ್ತು?" ಎಂದಳು ಸೊಸೆ. ಉಸಿರು ಮೇಲಕ್ಕೂ ಕೆಳಕ್ಕೂ ಹೋಗುತ್ತಿತ್ತು.

"ಏನೂ ಆಗಿಲ್ಲಮ್ಮ. ನೀನು ಮಲಗಿದ್ಯಲ್ಲ, ಅದಕ್ಕೆ ಮೆತ್ತಗೆ ಮಾತಾಡ್ತಿದ್ವಿ."

ಅವಳು ಬಾಗಿಲ ಚೌಕಟ್ಟಿಗೆ ಒರಗಿಕೊಂಡಳು. ಆಮೇಲೆ ನಗತೊಡಗಿದಳು. "ಅತ್ತೆ, ಇವತ್ತು ಮಲಗಿದ ಹಾಗೆ ನಾನು ಮಲಗಿ ಎಷ್ಟು ದಿನ ಆಗಿತ್ತೋ. ಯಾರೋ ಹಾಸಿಗೆ ಮಾರ್ತಿದ್ದ. ಮಾವ ಬೀದೀಲಿ ಕೂಗಾಡ್ತಿದ್ರು. ಸದ್ಯ, ಎಲ್ಲ ಸರಿಯಾಗಿದೆ ಅಂತ ಮಗ್ಗುಲು ಬದಲಿಸಿ ಮಲಗಿಬಿಟ್ಟೆ."

"ಗಲಾಟೆಗೆ ಮಲಗಿದ್ಯಾ?"

"ವಾರ್ಡಲ್ಲಿ ಹಾಗೇ ಅತ್ತೆ. ಕೂಸುಗಳು ಕಿರುಚ್ತಿದ್ರೆ, ಆಯಾ ಬೈತಿದ್ರೆ, ಟ್ರಾಲಿ ಗಡಗಡ ಅಂತಿದ್ರೆ ಎಲ್ಲ ಚೆನ್ನಾಗಿದೆ ಅಂತ ಅರ್ಥ. ಎಲ್ಲಾದ್ರೂ ಇಬ್ರು ಪಿಸುಗುಟ್ಟಿದ್ರು ಅಂದ್ರೆ ಯಾವುದೋ ಕೂಸಿಗೆ ಏನೋ ಆಗಿದೆ. ಆಗ ನಾವು ಓಡ್ತೀವಿ. ಇಲ್ಲಿ ನೀವಿಬ್ರೂ ಹಗಲೆಲ್ಲ ಬಾಗಿಲಾಚೆ ಪಿಸುಪಿಸು ಅಂತಿದ್ರೆ, ಕಣ್ಣು ಮುಚ್ಚಿದ್ರೂ ಕಿವಿ ಅಲ್ಲೇ ನಿಂತಿರುತ್ತೆ."

"ಮತ್ತೆ ಇಷ್ಟು ದಿನ ಯಾಕಮ್ಮ ಹೇಳಲಿಲ್ಲ?"

"ನೀವು ಕುರ್ಚಿಗೆಲ್ಲ ಕಾಲುಚೀಲ ಹಾಕಿದ್ರಿ ಅತ್ತೆ. ಹೇಗೆ ಹೇಳಲಿ?"

ಒಲೆಯ ಮೇಲಿನ ಹಾಲು ಉಕ್ಕುವುದು ಕೂತಲ್ಲಿಂದಲೇ ಕೇಳಿಸುವ ಕಿವಿ ಇದು. ಬಾಗಿಲಾಚೆ ಒಂದು ಹುಡುಗಿ ದಿನಗಟ್ಟಲೆ ನಿದ್ದೆಯಿಲ್ಲದೆ ಬಿದ್ದುಕೊಂಡದ್ದು ಈ ಕಿವಿಗೆ ಕೇಳಿಸಿರಲಿಲ್ಲ.

ಆ ರಾತ್ರಿ ಹೆಡ್ ಸಿಸ್ಟರ್ ವಾರ್ಡಿಗೆ ಬಂದು ಬೆಳಗಿನವರೆಗೂ ಕೂತಿದ್ದರಂತೆ. ಕೊನೆಗೆ ತೂಕಡಿಸಿದ್ದು ಅವರೇ ಅಂತೆ. "ನೀನು ಇಲ್ಲೇ ಇರು" ಎಂದು ಹೇಳಿ ಹೋದರಂತೆ. ಬೆಳಗ್ಗೆ ಅವಳ ಚಪ್ಪಲಿ ಟಪಟಪ ಎಂದು ಒಳಗೆ ಬಂತು.

"ಅತ್ತೆ, ನಿನ್ನೆಯ ಹಾಸಿಗೆಯವನನ್ನ ಇವತ್ತೂ ಹಾಕ್ತೀರಾ? ನೀವು ಸುಮ್ನಿದ್ರೆ ನನಗೆ ಮತ್ತೆ ಜೀವ ಹೊಡ್ಕೊಳ್ಳುತ್ತೆ."

"ಅದೇನು ಮಹಾ" ಎಂದೆ. ಅವಳು ಬಾಗಿಲು ಹಾಕಿಕೊಂಡ ಮೇಲೆ ಅದೇ ಪುಟ ತೆರೆದೆ. ಹಾಸಿಗೆಯವನು ತುಟಿ ಪಿಟಕ್ಕೆನ್ನಲಿಲ್ಲ. ಬೀಗ ಅಷ್ಟು ಭದ್ರವಾಗಿ ಜಡಿದಿದ್ದೆ. ಬಿಚ್ಚಲು ಸೆಟ್ಟಿಂಗಿನ ಒಳಗೆ ಹೋದೆ, ಅದರ ಒಳಗೆ ಹೋದೆ, ಅದರೊಳಗಿನ ಒಳಗಿನ ದಾರಿ ಮರೆತುಹೋಗಿತ್ತು. ಟೀಚರಿಗೆ ಫೋನ್ ಮಾಡಿದೆ.

"ಪುಟ ತಾನಾಗಿ ಕೂಗೋ ಹಾಗೆ ಮಾಡೋದು ಹೇಗಮ್ಮ?"

"ಅಜ್ಜಿ, ನನ್ನ ಸರ್ವಿಸಿನಲ್ಲಿ ಇದನ್ನ ಯಾರೂ ಕೇಳಿಲ್ಲ. ಈಗ ಪಾಠದಲ್ಲಿದೀನಿ, ಸೋಮವಾರ ಹೇಳ್ಲಾ?"

ಸೋಮವಾರದವರೆಗೆ ಹುಡುಗಿ ಎಚ್ಚರವಾಗಿರಬೇಕೇ? ನಮ್ಮವರು ಕುರ್ಚಿಯನ್ನು ಸೊಸೆಯ ಬಾಗಿಲ ಮುಂದಿನ ಓಣಿಗೆ ಎಳೆದುಕೊಂಡು ಬಂದು, ಕಾಲ ಮೇಲೆ ಕಾಲು ಹಾಕಿ ಕೂತರು.

"ನಾನಿದೀನಲ್ಲ" ಎಂದರು, ಕಂಡಕ್ಟರಿಗೆ ಹೇಳುವ ದನಿಯಲ್ಲಿ. "ಬಾ ಇಲ್ಲಿ, ಜಗಳ ಆಡೋಣ."

"ಯಾವ ವಿಷಯಕ್ಕೆ?"

"ಮದುವೆಯಾದ ಹೊಸದ್ರಲ್ಲಿ ನಿನ್ನ ತವರಿಗೆ ಹೋಗೋವಾಗ ಬಸ್ಸು ತಪ್ಪಿದ್ದು ಯಾರಿಂದ? ಅದೇ ಆಗ್ಲಿ."

ಆ ಜಗಳ ನಮ್ಮ ಸಂಸಾರದಷ್ಟೇ ಹಳೆಯದು. ಹಿಂದೆಲ್ಲ ನಾನು "ಶ್, ಜನ ಕೇಳ್ತಾರೆ" ಎಂದು ಅವರ ಬಾಯಿ ಮುಚ್ಚಿಸಿ ಗೆದ್ದುಬಿಡುತ್ತಿದ್ದೆ. ಇವತ್ತು ಆ ಅಸ್ತ್ರ ಕೈಬಿಟ್ಟಿತ್ತು. ನೀವು ಕನ್ನಡಿ ಮುಂದೆ ನಿಂತಿದ್ದಿರಿ ಎಂದು ನಾನು, ನೀನು ಬೀಗದ ಕೈ ಹುಡುಕುತ್ತಿದ್ದೆ ಎಂದು ಅವರು. ಬಸ್ಸು ಬೇಗ ಬಂತು ಎಂದು ನಾನು, ಡ್ರೈವರ್ ಕೆಲಸದಲ್ಲಿದ್ದವನಿಗೆ ಬಸ್ಸಿನ ಹೊತ್ತು ಹೇಳಿಕೊಡಬೇಡ ಎಂದು ಅವರು. ಒಳಗಿನಿಂದ ಸಣ್ಣಗೆ ಗೊರಕೆ ಕೇಳಿಸತೊಡಗಿತು. ನಮ್ಮವರಿಗೆ ಇನ್ನಷ್ಟು ಹುರುಪೇರಿತು.

"ಬೀಗದ ಕೈ ಕೊನೆಗೆ ಎಲ್ಲಿತ್ತು? ನಿನ್ನ ಕೈಯಲ್ಲೇ ಇತ್ತಲ್ಲ. ಈಗ ಹೇಳು, ಬಸ್ಸು ತಪ್ಪಿದ್ದು ಯಾರಿಂದ?"

ಇತ್ತು. ನನ್ನ ಕೈಯಲ್ಲೇ ಇತ್ತು. ಅದಕ್ಕೆ ಉತ್ತರ ನನ್ನ ಬಳಿ ಅಂದೂ ಇರಲಿಲ್ಲ, ಇಂದೂ ಇರಲಿಲ್ಲ. ನಾನು ಸುಮ್ಮನಾದೆ. ಮನೆ ಸುಮ್ಮನಾಯಿತು. ಒಳಗೆ ಗೊರಕೆ ನಿಂತಿತು. ಮಂಚ ಕಿರುಗುಟ್ಟಿತು.

"ಅತ್ತೆ," ನಿದ್ದೆಗಣ್ಣಿನ ದನಿ ಬಾಗಿಲಾಚೆಯಿಂದ ಬಂತು, "ಮಾವ ಕೇಳ್ತಿದಾರಲ್ಲ, ಉತ್ತರ ಕೊಡಿ. ನೀವು ಸುಮ್ಮನಾದ್ರೆ ನನಗೆ ಎಚ್ಚರ ಆಗುತ್ತೆ."

ಮತ್ತೇನು ಮಾಡಲಿ? "ನನ್ನಿಂದಲೇ ತಪ್ಪಿತು, ನೀವು ಹೇಳಿದ್ದೇ ಸರಿ" ಎಂದೆ. ಮದುವೆಯಾದಂದಿನಿಂದ ಒಮ್ಮೆಯೂ ಆಡದಿದ್ದ ಮಾತನ್ನು, ಕೆಳಗಿನ ದರ್ಜಿಗೂ ಕೇಳಿಸುವಷ್ಟು ಗಟ್ಟಿಯಾಗಿ, ಹುಡುಗಿ ಮತ್ತೆ ಗೊರಕೆ ಹೊಡೆಯುವವರೆಗೂ ಹೇಳುತ್ತಲೇ ಇದ್ದೆ.